ಒಣ ಈರುಳ್ಳಿ: ಕೊನೆಯ ತೇವ ತೆಗೆಯಲು ನಾನು ಮಾಡಿದ ಏರ್ಪಾಟು

ಈರುಳ್ಳಿ ಒಣಗಿಸೋಕೆ ಹೀಟ್ ಪಂಪ್ (ಗಾಳಿಯ ತೇವ ಹಿಂಡಿ, ಅದೇ ಗಾಳಿಯನ್ನು ಮತ್ತೆ ಬಿಸಿ ಮಾಡಿ ಕೊಡುವ ಯಂತ್ರ) ಹಾಕುತ್ತೇನೆ ಅಂದಾಗ ನಮ್ಮ ಕಸುಬಿನವರೇ ನಕ್ಕಿದ್ದರು. ಅಣಬೆಗೆ, ಸೊಪ್ಪಿಗೆ ಸರಿ, ದಿನಕ್ಕೆ ಟನ್‌ಗಟ್ಟಲೆ ನೀರು ಹಾರಿಸುವ ಕೆಲಸಕ್ಕೆ ಅದೊಂದು ಆಟದ ಸಾಮಾನು ಅಂದರು. ಅವರ ಮಾತು ಅರ್ಧ ನಿಜ. ಪೂರ್ತಿ ಒಣಗಿಸುವುದಕ್ಕೆ ಅದು ಸಾಲದು. ಆದರೆ ನಾನು ಹಾಕಿದ್ದು ಕೊನೆಯ ಹಂತಕ್ಕೆ ಮಾತ್ರ, ಈಗ ಅದೇ ಜನ ನೋಡೋಕೆ ಬರುತ್ತಿದ್ದಾರೆ.

ತಲೆನೋವು ಎಲ್ಲಿ ಶುರುವಾಗುತ್ತೆ ಅಂತ ನಿಮಗೂ ಗೊತ್ತಲ್ವಾ. ಮೊದಲ ಒಂದೆರಡು ಗಂಟೆ 70–75 ಡಿಗ್ರಿ ಕೊಟ್ಟರೂ ಏನೂ ಆಗುವುದಿಲ್ಲ, ನೀರು ಹಾರುತ್ತಿರುವಷ್ಟು ಹೊತ್ತು ಈರುಳ್ಳಿಯ ಚೂರುಗಳು ತಣ್ಣಗೇ ಇರುತ್ತವೆ. ತೇವ ಶೇ 15ರ ಆಸುಪಾಸಿಗೆ ಬಂದ ಮೇಲೆ ಅದೇ ಬಿಸಿಗೆ ಅಂಚು ಕಂದುತ್ತದೆ, ಕಹಿ ಏರುತ್ತದೆ. ಬಿಸಿ ಇಳಿಸಿದರೆ, ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಶೇ 8ರ ಹತ್ತಿರ ನಿಂತೇ ಬಿಡುತ್ತದೆ. ನಮಗೆ ಬೇಕಿರುವುದು 5ರೊಳಗೆ. ಆ ಮೂರು ಪರ್ಸೆಂಟ್‌ಗಾಗಿ ರಾತ್ರಿಯೆಲ್ಲ ಬ್ಲೋವರ್ ಓಡುತ್ತಿತ್ತು.

ಮೊದಲು ಇನ್‌ಫ್ರಾರೆಡ್ ದೀಪ ಕಟ್ಟಿ ನೋಡಿದೆ. ಮೇಲ್ಮೈ ಗರಿಗರಿ, ಒಳಗೆ ಹಸಿ. ಪ್ಯಾಕ್ ಮಾಡಿ ಎರಡು ವಾರಕ್ಕೆ ಚೀಲದೊಳಗೆ ಗುಲಾಬಿ ಬಣ್ಣದ ಗಂಟುಗಳು. ಆಮೇಲೆ ಎಲ್ಲರೂ ಹೊಗಳುವ ಕಲರ್ ಸಾರ್ಟರ್. ಯಂತ್ರ ಒಳ್ಳೆಯದೇ, ಕ್ಯಾಮೆರಾ ನೋಡಿ ಗಾಳಿ ಊದಿ ಕಂದು ಚೂರನ್ನು ಹಾರಿಸುತ್ತದೆ. ಆದರೆ ಅದು ಕಂದಿದ್ದನ್ನು ಆರಿಸುತ್ತದೆ ಅಷ್ಟೇ, ಕಂದುವುದನ್ನು ತಡೆಯುವುದಿಲ್ಲ. ಹತ್ತರಲ್ಲಿ ಒಂದು ಪಾಲು ಸರಕು ಎರಡನೇ ದರ್ಜೆಗೆ ಬೀಳುವುದನ್ನು ಕಂತು ಕಟ್ಟಿಕೊಂಡು ನೋಡುತ್ತಾ ಕೂರೋಕೆ ಯಾರಿಗೆ ಇಷ್ಟ?

ಹೀಟ್ ಪಂಪ್ ಕೂಡ ಮೊದಲ ವರ್ಷ ಕೈಕೊಟ್ಟಿತು. ಈರುಳ್ಳಿಯ ಘಾಟಿನಲ್ಲಿ ಗಂಧಕ ಇದೆ, ಅದು ಕಾಯಿಲ್ (ಗಾಳಿಯ ತೇವವನ್ನು ನೀರಾಗಿ ಇಳಿಸುವ ತಣ್ಣನೆಯ ತಾಮ್ರದ ಕೊಳವೆ ಸುರುಳಿ) ಮೇಲೆ ಇಳಿಯುವ ನೀರಿನಲ್ಲಿ ಸೇರಿ ತಾಮ್ರವನ್ನು ಕಪ್ಪು ಮಾಡುತ್ತಾ ತಿನ್ನುತ್ತದೆ. ಏಳೆಂಟು ತಿಂಗಳಿಗೆ ಸೂಜಿ ಮೊನೆಯಷ್ಟು ತೂತು, ಒಳಗಿನ ತಂಪು ಮಾಡುವ ಗ್ಯಾಸ್ ಪೂರ್ತಿ ಖಾಲಿ. ಹೊಸ ಕಾಯಿಲ್, ಗ್ಯಾಸ್, ನಿಂತ ಕೆಲಸ ಎಲ್ಲ ಸೇರಿ ಯಂತ್ರದ ಬೆಲೆಯ ಕಾಲು ಭಾಗವೇ ಹೋಯಿತು. ಮಾರಿದವರು ಇದು ವಾರಂಟಿಗೆ ಬರಲ್ಲ ಅಂದುಬಿಟ್ಟರು. ಈಗ ಎಪಾಕ್ಸಿ ಲೇಪನದ ಕಾಯಿಲ್ ಹಾಕಿದ್ದೇನೆ, ಅದರ ಮುಂದೆ ತೆಳು ಸಿಪ್ಪೆ ಹಿಡಿಯುವ ಜಾಲರಿ. ಜಾಲರಿಯನ್ನು ಪ್ರತಿ ಶಿಫ್ಟ್‌ಗೂ ಒದರಲೇಬೇಕು.

ಏರ್ಪಾಟು ಸರಳ. ಮುಖ್ಯ ಡ್ರೈಯರ್‌ನಲ್ಲಿ ಶೇ 10–12 ಬಂದ ತಕ್ಷಣ ಚೂರನ್ನು ತೂತಿನ ತಳವಿರುವ ಆಳದ ಬಿನ್‌ಗೆ ಸುರಿಯುತ್ತೇನೆ. ಕೆಳಗಿನಿಂದ ಹೀಟ್ ಪಂಪ್‌ನ 45–50 ಡಿಗ್ರಿಯ ಗಾಳಿ, ಅದರ ಆರ್ದ್ರತೆ ಸುಮಾರು ಶೇ 10. ಅದೇ ಗಾಳಿ ಸುತ್ತುತ್ತದೆ, ನೀರು ಮಾತ್ರ ಹೊರಗೆ. ಆರೇಳು ಗಂಟೆಗೆ 5ರ ಕೆಳಗೆ. ಬಿನ್‌ನ ನಡುವಿನಿಂದ ಒಂದು ದಪ್ಪ ಚೂರು ತೆಗೆದು ಬಗ್ಗಿಸಿ, ಬುಡದ ಕಡೆಯಲ್ಲೂ ಪಟ್ ಅಂತ ಮುರಿಯಬೇಕು, ಸ್ವಲ್ಪ ಬಳುಕಿದರೂ ಆಗಿಲ್ಲ ಅಂತಲೇ. ಎಷ್ಟು ಆಳಕ್ಕೆ ಸುರಿಯಬೇಕು, ಗಾಳಿಯನ್ನು ಯಾವಾಗ ಮೇಲಿನಿಂದ ಬಿಡಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ದುಡ್ಡು ಸುರಿದಿದ್ದೇನೆ.

ಲಾಭ ಬಂದದ್ದು ನಾನು ಅಂದುಕೊಂಡ ಕಡೆಯಿಂದಲ್ಲ. ಇಂಧನ ಐದರಲ್ಲೊಂದು ಪಾಲು ಉಳಿದಿರಬಹುದು. ನಿಜವಾದ ದುಡ್ಡು ಇರುವುದು ಮುಖ್ಯ ಡ್ರೈಯರ್ ಬೇಗ ಖಾಲಿಯಾಗುವುದರಲ್ಲಿ: ಅದೇ ಯಂತ್ರ, ಅದೇ ಜನ, ಮೂರು ಲೋಡ್ ಹಾಕುತ್ತಿದ್ದ ಕಡೆ ಈಗ ನಾಲ್ಕು. ಎರಡನೇ ದರ್ಜೆ ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. ಮೂರು ವರ್ಷ ಅಂದುಕೊಂಡಿದ್ದ ಸಾಲ ಎರಡಕ್ಕೇ ಮುಗಿಯಿತು, ಕಾಯಿಲ್ ಕಥೆ ಸೇರಿಸಿಯೂ.

ಹಾಗಂತ ಯಂತ್ರದಿಂದಲೇ ಎಲ್ಲ ಆಗಲ್ಲ. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ (ಒಂದು ಹನಿ ರಸದಲ್ಲಿ ಸಕ್ಕರೆಯಂಥ ಕರಗಿದ ಅಂಶ ಎಷ್ಟಿದೆ ಅಂತ ತೋರಿಸುವ ಸಾಧನ) ಇಲ್ಲದೆ ನಾನು ಹಸಿ ಈರುಳ್ಳಿಯ ಲೋಡ್ ಇಳಿಸಿಕೊಳ್ಳುವುದಿಲ್ಲ. ಗಟ್ಟಿ ಬಿಳಿ ತಳಿಯಾದರೆ ಆರು ಕಿಲೋಗೆ ಒಂದು ಕಿಲೋ ಒಣ ಸರಕು ಸಿಗುತ್ತದೆ, ನೀರು ತುಂಬಿದ ಊಟದ ಈರುಳ್ಳಿಯಾದರೆ ಒಂಬತ್ತು ಹತ್ತು ಕಿಲೋ ಬೇಕು. ಅಗ್ಗ ಅಂತ ತಂದರೆ ದುಡ್ಡು ಕೊಟ್ಟು ನೀರು ಹಾರಿಸಿದ ಹಾಗೆ. ಬ್ಲೇಡ್ ಮೊಂಡಾಗಿದ್ದರೆ ಚೂರು ಜಜ್ಜಿ ರಸ ಸೋರುತ್ತದೆ, ರಸದ ಜೊತೆ ಘಾಟೂ ಹೋಗುತ್ತದೆ.

ಸಿಪ್ಪೆಯನ್ನು ಕುಲುಮೆಗೆ ಹಾಕಿಯೂ ನೋಡಿದೆ. ಭಗ್ ಅಂತ ಉರಿದು ಕಿಡಿಗಳು ಪೈಪಿನೊಳಕ್ಕೆ ಏರಿದವು, ಅಲ್ಲಿಗೇ ಬಿಟ್ಟೆ. ಪುಡಿಯಲ್ಲಿ ಮಾತ್ರ ಬಿನ್ ಇನ್ನೊಂದು ಉಪಕಾರ ಮಾಡಿತು. ಬಿಸಿ ಚೂರನ್ನು ಹಾಗೇ ಅರೆದರೆ ಅದರ ಸಕ್ಕರೆ ಮೆತ್ತಗಾಗಿ ಜರಡಿಗೆ ಅಂಟುತ್ತದೆ, ಡಬ್ಬದಲ್ಲಿ ಕಲ್ಲಾಗುತ್ತದೆ. ಕೊನೆಯ ಅರ್ಧ ಗಂಟೆ ಬಿಸಿ ನಿಲ್ಲಿಸಿ ಬರೀ ಒಣ ಗಾಳಿ ಬಿಡುತ್ತೇನೆ, ತಣ್ಣಗಾದ ಮೇಲೆ ಆರ್ದ್ರತೆ ಶೇ 30ರೊಳಗಿರುವ ಕೋಣೆಯಲ್ಲಿ ಅರೆದು ಅಲ್ಲೇ ಸೀಲ್ ಮಾಡುತ್ತೇನೆ. ಗಂಟು ಕಟ್ಟದಿರಲು ಹಾಕುತ್ತಿದ್ದ ಸಿಲಿಕಾ ಅರ್ಧಕ್ಕೆ ಇಳಿದಿದೆ. ಪೂರ್ತಿ ಬಿಡೋಕೆ ಆಗುತ್ತಾ ಅಂತ ಒಂದಿಷ್ಟು ಡಬ್ಬ ಎತ್ತಿಟ್ಟಿದ್ದೇನೆ, ಆರು ತಿಂಗಳಾದ ಮೇಲೆ ತೆಗೆದು ನೋಡಬೇಕು.