ಹನುಮಪ್ಪನ ತೊಟ್ಟಿಲು ನಾವು ಕಟ್ಟಿದ್ದು ಹೀಗೆ

ರಾಮನ ತೊಟ್ಟಿಲು ಮಧ್ಯಾಹ್ನ, ಕೃಷ್ಣನದು ನಡುರಾತ್ರಿ. ನಮ್ಮ ಹನುಮಪ್ಪ ಮಾತ್ರ ಹೊತ್ತು ಮೂಡುವಾಗ ಹುಟ್ಟಿದವನು. ಹಾಗಾಗಿ ಅವನ ಹಬ್ಬ ಮಾಡುವವರಿಗೆ ಹಿಂದಿನ ರಾತ್ರಿ ನಿದ್ದೆ ಇಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿ ಗುಡಿಯಲ್ಲಿ 2025ರ ಹನುಮ ಜಯಂತಿಗೆ ತೊಟ್ಟಿಲು, ಪ್ರಸಾದ ಎರಡರ ಕೆಲಸವೂ ನನ್ನ ಪಾಲಿಗೆ ಬಂತು. ಏಪ್ರಿಲ್ 12, ಅದೂ ಶನಿವಾರ. ಸುಮ್ನೆ ಶನಿವಾರವೇ ಹನುಮಪ್ಪನ ಗುಡಿಯಲ್ಲಿ ಎಷ್ಟು ಗದ್ದಲ ಅಂತ ಧಾರವಾಡದ ಹತ್ತಿರದ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋದವರಿಗೆ ಗೊತ್ತು.

ನಮ್ಮ ಕಡೆ ಹನುಮ ಜಯಂತಿ ಅಂದರೆ ಚೈತ್ರದ ಹುಣ್ಣಿಮೆ, ದವನದ ಹುಣ್ಣಿಮೆ. ಮೈಸೂರಿನ ಬೀಗರು ಮಾರ್ಗಶಿರದಲ್ಲಿ ಹನುಮದ್ವ್ರತ ಮಾಡುವವರು. "ಈಗೆಂಥ ಜಯಂತಿ?" ಅಂತ ಫೋನಿನಲ್ಲಿ ಕೇಳಿದರು. ವಾದ ಮಾಡಲು ನನಗೆ ಪುರುಸೊತ್ತಿರಲಿಲ್ಲ, ಬೆಲ್ಲ ಜಜ್ಜುವುದಿತ್ತು.

ಮೊದಲ ಚಿಂತೆ ನೀರಿನದು. ನಳಕ್ಕೆ ನೀರು ದಿನಾ ಬರುವುದಿಲ್ಲ. ಬಂದ ದಿನವೇ ನಾಲ್ಕು ಮನೆಯ ಕೊಡ ಸೇರಿಸಿ ಗುಡಿಯ ಬ್ಯಾರಲ್ ತುಂಬಿಸಿಟ್ಟೆವು. ಪಾನಕಕ್ಕೆ 40 ಲೀಟರ್ ನೀರು, 6 ಕಿಲೊ ಬೆಲ್ಲ. ಬೆಲ್ಲ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಲೇಬೇಕು, ಎಂಥ ಒಳ್ಳೆ ಬೆಲ್ಲದಲ್ಲೂ ಕಸ ಇರುತ್ತದೆ. ಆಮೇಲೆ ಏಲಕ್ಕಿ, ಸುಂಠಿ, ಸ್ವಲ್ಪ ಕಾಳುಮೆಣಸು. ನಿಂಬೆರಸ ಹಂಚುವ ಮುಂಚೆ.

ಕೋಸಂಬರಿಯಲ್ಲಿ ಹಿಂದಿನ ವರ್ಷ ಕೆಟ್ಟ ಅನುಭವ ಆಗಿತ್ತು. ಹೆಸರುಬೇಳೆಯನ್ನು ರಾತ್ರಿಯೇ ನೆನೆಸಿಟ್ಟು, ಆ ಸೆಕೆಗೆ ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಬಂದಿತ್ತು. ಈ ಸಲ ನಸುಕಿನ ನಾಲ್ಕಕ್ಕೆ ನೆನೆಸಿದೆ. ಎರಡು ತಾಸು ಸಾಕು. ಸೌತೆಕಾಯಿ, ಕಾಯಿತುರಿ, ಒಗ್ಗರಣೆ ಎಲ್ಲ ಬೆರೆಸಿದರೂ ಉಪ್ಪು ಮಾತ್ರ ಕೊನೆಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ದೊನ್ನೆ ತುಂಬ ಸಾರು!

ನಮ್ಮ ಗುಡಿಯಲ್ಲಿ ಇನ್ನೊಂದು ಪ್ರಸಾದ ಉಂಟು. ಸುಂಠಿ ಪುಡಿ, ಸಕ್ಕರೆ, ಒಣಕೊಬ್ಬರಿ ತುರಿ ಕಲಸಿ ಚಿಟಿಕೆ ಚಿಟಿಕೆ ಕೊಡುವುದು. ಬಾಣಂತಿ ಮನೆಯ ತಿನಿಸು ಅದು. ಅಂಜನಾದೇವಿಯ ಬಾಣಂತನ ನಮ್ಮ ಓಣಿಯದೇ ಅಲ್ವಾ! ನನಗೆ ಪಾನಕಕ್ಕಿಂತ ಇದೇ ಹೆಚ್ಚು ಇಷ್ಟ.

ನಾಲ್ಕೂವರೆಗೆ ಆಚಾರ್ರು ಪವಮಾನ ಅಭಿಷೇಕ ಶುರು ಮಾಡಿದರು. ಆಮೇಲೆ ಎಲೆ ಪೂಜೆ. ವೀಳ್ಯದೆಲೆಯನ್ನು ಒಂದರ ಮೇಲೊಂದು ಜೋಡಿಸಿದರೆ ಹನುಮಪ್ಪ ಹಸಿರು ಶಾಲು ಹೊದ್ದ ಹಾಗೆ ಕಾಣುತ್ತಾನೆ. ಇತ್ತ ಹುಡುಗರು ಕಟ್ಟಿಗೆ ತೊಟ್ಟಿಲನ್ನು ಹಿತ್ತಾಳೆ ಸರಪಳಿಗೆ ತೂಗುಹಾಕಿ ಮಲ್ಲಿಗೆ, ದವನದ ಮಾಲೆ ಸುತ್ತುತ್ತಿದ್ದರು. ನಾನು ಅತ್ತ ಸರಿಯಾಗಿ ನೋಡಲಿಲ್ಲ. ತಪ್ಪಾಗಿದ್ದು ಅಲ್ಲೇ.

ಅಂದು ಸೂರ್ಯೋದಯ 6.15ರ ಸುಮಾರಿಗೆ. ಗಂಟೆ, ಜಾಗಟೆ ಬಾರಿಸಿದವು. ಬೆಳ್ಳಿಯ ಪುಟ್ಟ ಮೂರ್ತಿಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಒಬ್ಬರು ತೊಟ್ಟಿಲ ಕೆಳಗಿನಿಂದ ಕೊಟ್ಟರು, ಇನ್ನೊಬ್ಬರು ಆಚೆ ನಿಂತು ತೆಗೆದುಕೊಂಡರು. ಕೂಸನ್ನು ಮಲಗಿಸಿ, ಹೆಂಗಸರು ಜೋಗುಳ ಎತ್ತಿದರು. ನಾನು ಹಗ್ಗ ಎಳೆದೆ. ತೊಟ್ಟಿಲು ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದೆ, ತೊಲೆಯೇ ಕಿರ್ ಅಂದಿತು. ಹುಡುಗರು ಹೂವಿನ ಮಾಲೆಯನ್ನು ಸರಪಳಿಯ ಕೊಂಡಿಗೂ ಹಿಂದಿನ ಕಂಬಕ್ಕೂ ಸೇರಿಸಿ ಬಿಗಿದುಬಿಟ್ಟಿದ್ದರು.

ಜೋಗುಳ ಹಾಡುತ್ತಿದ್ದ ಅಜ್ಜಿ ಹಾಡು ನಿಲ್ಲಿಸಿ, "ತೊಟ್ಟಿಲಾ ಕಟ್ಟೀರೋ, ದೇವರನ್ನ ಕಟ್ಟೀರೋ?" ಅಂದರು. ಗುಡಿಗೆ ಗುಡಿಯೇ ನಕ್ಕಿತು. ಆಚಾರ್ರೂ ನಕ್ಕರು. ಪಾನಕಕ್ಕೆ ನಿಂಬೆಹಣ್ಣು ಹೆಚ್ಚುತ್ತಿದ್ದ ಚಾಕು ತಂದು ಮಾಲೆ ಕೊಯ್ದೆ. ಮಲ್ಲಿಗೆ ಎಲ್ಲ ತೊಟ್ಟಿಲೊಳಗೆ ಉದುರಿತು, ಜನ ಅದನ್ನೇ ಪುಷ್ಪವೃಷ್ಟಿ ಅಂದುಕೊಂಡು ಕೈ ಮುಗಿದರು.

ಹೆಸರಿಡುವ ಹೊತ್ತಿಗೆ ಬಿಸಿಲು ಗರುಡಗಂಬಕ್ಕೆ ಬಿದ್ದಿತ್ತು. ಮನೆಯ ಕೂಸಿಗೆ ಮಾಡುವ ಹಾಗೇ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು, ಸುತ್ತಲಿನವರು ಅವಳ ಬೆನ್ನಿಗೆ ಗುದ್ದಬೇಕು. ಹನುಮಪ್ಪನಿಗೆ ಸೋದರತ್ತೆ ಯಾರು ಅಂತ ಯಾರೂ ಕೇಳುವುದಿಲ್ಲ. ಈ ಸಲ ನನ್ನ ತಂಗಿಯನ್ನೇ ಕೂರಿಸಿದ್ದರು. ಅವಳು "ಹನುಮಂತ" ಅನ್ನುವಷ್ಟರಲ್ಲಿ ಹತ್ತು ಗುದ್ದು ಬಿದ್ದವು.

"ಮುಂದಿನ ವರ್ಷ ನಿಮ್ಮ ಹೆಂಡ್ತಿನ್ನ ಕೂಡಸ್ರಿ" ಅಂತ ಬೆನ್ನು ತಿಕ್ಕಿಕೊಳ್ಳುತ್ತ ಪಾನಕದ ಸಾಲಿಗೆ ಹೋದಳು.