ಕಣಕುಂಬಿಯ ಚಳಿಯಲ್ಲಿ ಒಂದು ರಾತ್ರಿ: ಮನೆಮಂದಿಯೊಡನೆ ಡೇರೆ ಹೂಡಿದ ನನ್ನ ಅನುಭವ

ಬೆಳಗಾವಿಯವರು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ದಾರಿ ಹಿಡಿಯುವುದು ಹೆಚ್ಚಾಗಿ ಮಳೆಗಾಲದಲ್ಲಿ, ಅದೂ ಜಲಪಾತ ನೋಡಿ ಸಂಜೆಯೊಳಗೆ ಮನೆ ಸೇರುವುದಕ್ಕೆ. ನಾನು ಮಾತ್ರ ಡಿಸೆಂಬರಿನ ಒಂದು ಶನಿವಾರದ ರಾತ್ರಿಯನ್ನು ಆ ಬೆಟ್ಟಸಾಲಿನಲ್ಲಿಯೇ, ಡೇರೆಯೊಳಗೆ ಕಳೆಯಬೇಕೆಂದು ಹಟ ಹಿಡಿದೆ. ಮೊದಲ ಸಲ ಸೋತೆ. ಮರುವರ್ಷ ಅದೇ ಐದು ಜನ, ಎಂದರೆ ನಾನು, ನನ್ನ ಹೆಂಡತಿ, ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಮಕ್ಕಳು ಮತ್ತು ಎಪ್ಪತ್ತರ ಸಮೀಪದ ಅವ್ವ, ಬೆಳಗಿನವರೆಗೂ ಚೆನ್ನಾಗಿ ನಿದ್ದೆ ಮಾಡಿ ಎದ್ದೆವು.

ಮೊದಲ ಸಲ ಡೇರೆ ಹಾಕಿದ್ದು ಒಂದು ಹಳ್ಳದ ದಂಡೆಯಲ್ಲಿ. ಸಂಜೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎನ್ನಿಸಿತ್ತು. ಆದರೆ ತಂಪಾದ ಗಾಳಿ ಭಾರವಾದದ್ದರಿಂದ ಅದು ರಾತ್ರಿ ಇಳಿಜಾರಿನಲ್ಲಿ ನೀರಿನಂತೆಯೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಸಿಗೆಗೆಂದು ಗಾಳಿ ತುಂಬುವ ರಬ್ಬರಿನ ಗಾದಿ ಒಯ್ದಿದ್ದೆವು. ಅದರೊಳಗಿನ ಗಾಳಿ ಸುತ್ತಾಡುತ್ತ ಮೈಯ ಬಿಸಿಯನ್ನೆಲ್ಲ ನೆಲಕ್ಕೆ ದಾಟಿಸಿಬಿಟ್ಟಿತು. ಚಳಿ ಎಂದು ಡೇರೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಐದು ಜನರ ಉಸಿರಿನ ತೇವ ಒಳಬಟ್ಟೆಗೆ ಹತ್ತಿ ಹನಿಹನಿಯಾಗಿ ನಮ್ಮ ಮೇಲೆಯೇ ತೊಟ್ಟಿಕ್ಕಿತು. ನಸುಕಿನ ಮೂರು ಗಂಟೆಗೆ ಎಲ್ಲರೂ ಕಾರಿನೊಳಗೆ ಮುದುಡಿ ಕುಳಿತಿದ್ದೆವು.

ಊರಿಗೆ ಮರಳಿದ ಮೇಲೆ ತಪ್ಪನ್ನೆಲ್ಲ ಎತ್ತರದ ಮೇಲೆ ಹೊರಿಸಿದೆ. ಆದರೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿದೆ, ಬೆಳಗಾವಿ ನಗರವೇ ಸುಮಾರು 750 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ ಎಂಬ ಲೆಕ್ಕದಲ್ಲಿ ಈ ನಲವತ್ತು ಮೀಟರಿಗೆ ಸುಮಾರು ಕಾಲು ಡಿಗ್ರಿಯಷ್ಟೇ ವ್ಯತ್ಯಾಸವಾದೀತು. ನಮ್ಮನ್ನು ನಡುಗಿಸಿದ್ದು ತಗ್ಗು, ಇಬ್ಬನಿ ಮತ್ತು ನೆಲ. ಇದು ತಿಳಿದ ಮೇಲೆ ದುಬಾರಿ ಜಾಕೆಟ್‌ಗಳನ್ನು ಕೊಳ್ಳುವ ಯೋಚನೆ ಬಿಟ್ಟು, ಎಲ್ಲಿ ಮಲಗಬೇಕು, ಏನು ಹಾಸಬೇಕು ಎಂಬುದರ ಕಡೆಗೆ ಗಮನ ಕೊಟ್ಟೆ.

ಎಲ್ಲಿ ಎಂಬುದು ಬರಿಯ ಚಳಿಯ ಪ್ರಶ್ನೆಯಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿದೆ. ಸುಮಾರು 190 ಚದರ ಕಿಲೋಮೀಟರಿನ ಆ ಪ್ರದೇಶದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ನನಗೆ ಪರಿಚಯವಿದ್ದ ರೈತರೊಬ್ಬರ ಹೊಲ ಕಣಕುಂಬಿಯ ಕಡೆಗಿತ್ತು. ಅದು ಖಾಸಗಿ ಜಮೀನೇ ಹೌದು, ಧಾಮದ ಗಡಿಯ ಹೊರಗೇ ಇದೆ ಎಂಬುದನ್ನು ಅರಣ್ಯ ಕಚೇರಿಗೆ ಹೋಗಿ ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಮಕ್ಕಳಿಗೆ ಹೇಳಿದೆ. ಹೊಲದಲ್ಲಿ ಬಾವಿ ಮತ್ತು ಶೌಚಾಲಯವಿದ್ದದ್ದು ಅವ್ವನ ಮಟ್ಟಿಗೆ ದೊಡ್ಡ ಅನುಕೂಲ. ಡೇರೆಗೆ ಈ ಸಲ ಹಳ್ಳದಿಂದ ಸಾಕಷ್ಟು ಮೇಲಿನ, ಪೂರ್ವಕ್ಕೆ ತೆರೆದುಕೊಂಡ ಗದ್ದೆಯ ಬದುವನ್ನು ಆರಿಸಿದೆ. ಬೆಳಗಿನ ಬಿಸಿಲು ಮೊದಲು ಅಲ್ಲಿಗೇ ಬೀಳುತ್ತದೆ.

ಹಾಸಿಗೆಯ ವಿಚಾರವನ್ನು ಬಗೆಹರಿಸಿದವಳು ಅವ್ವ. ನಾನು ಮಲಗುವ ಚೀಲಗಳ ಬೆಲೆಯನ್ನು ಮೊಬೈಲಿನಲ್ಲಿ ನೋಡುತ್ತಿದ್ದಾಗ ಆಕೆ, "ತಮ್ಮಾ, ಮ್ಯಾಲ ಎಷ್ಟ ಹೊತ್ಕೊಂಡರೇನು, ಕೆಳಗ ಬೆಚ್ಚಗಿರಬೇಕು. ನಾವು ಹೊಲದಾಗ ಕಾವಲ ಮಲಗತಿದ್ದಿವಿ, ಕೆಳಗ ಹುಲ್ಲ ಹಾಕತಿದ್ದಿವಿ" ಎಂದಳು. ಆಕೆಯ ಮಾತಿನಲ್ಲಿ ಶಾಸ್ತ್ರವಿದೆ: ಮೈಯ ಭಾರಕ್ಕೆ ಕೆಳಗಿನ ಹೊದಿಕೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೊರಟುಹೋಗುತ್ತದೆ, ಗಾಳಿಯಿಲ್ಲದ ಹತ್ತಿ ಬಿಸಿಯನ್ನು ಹಿಡಿದಿಡುವುದಿಲ್ಲ. ಖಾನಾಪುರದ ಕಡೆಗೆ ಬತ್ತದ ಸುಗ್ಗಿ ಮುಗಿದು ಬಣವಿಗಳು ನಿಂತಿರುವ ಕಾಲವದು. ರೈತರಿಂದ ಹುಲ್ಲು ಕೊಂಡು, ಮಧ್ಯಾಹ್ನದ ಬಿಸಿಲಿಗೆ ಕೊಡವಿ ಹರವಿ, ಒಂದು ಗೇಣು ದಪ್ಪಕ್ಕೆ ಹಾಸಿ, ಅದರ ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಡೇರೆ, ಒಳಗೆ ಫೋಮಿನ ಹಾಳೆ, ಜಮಖಾನೆ, ಕೊನೆಗೆ ಅವ್ವನ ಹಳೆಯ ಸೀರೆಗಳಿಂದ ಹೊಲಿದ ಎರಡು ಕೌದಿ. ಹೊದೆಯಲು ಉಣ್ಣೆಯ ಕಂಬಳಿ. ಹುಲ್ಲಿರುವುದರಿಂದ ಒಲೆ ಮತ್ತು ಬೆಂಕಿಯನ್ನು ಮೂವತ್ತು ಅಡಿ ದೂರ, ಗಾಳಿ ಡೇರೆಯಿಂದ ಆಚೆಗೆ ಬೀಸುವ ದಿಕ್ಕಿನಲ್ಲಿ ಇಟ್ಟೆವು.

ಡೇರೆ "ನಾಲ್ಕು ಜನರದು" ಎಂದರೆ ನನ್ನ ಅನುಭವದಲ್ಲಿ ಮೂವರದು. ಆದ್ದರಿಂದ ಎರಡು ಡೇರೆ ಒಯ್ದೆವು, ಎರಡರಲ್ಲಿಯೂ ಮೇಲಿನ ಗಾಳಿಕಿಂಡಿಯನ್ನು ರಾತ್ರಿಯಿಡೀ ತೆರೆದಿಟ್ಟೆವು. ಸ್ವಲ್ಪ ತಂಪೆನಿಸಿದರೂ ಒಣಗಿದ್ದೆವು. ಬುಟ್ಟಿಯಲ್ಲಿ ಕೆಂಡ ತುಂಬಿ ಒಳಗಿಟ್ಟುಕೊಂಡರೆ ಬೆಚ್ಚಗಿರುತ್ತದೆ ಎಂದು ಸಲಹೆ ಕೊಟ್ಟವರಿದ್ದರು. ಇದನ್ನು ಯಾರೂ ಮಾಡಕೂಡದು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಬದಲಿಗೆ ಸ್ಟೀಲಿನ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಹಳೆಯ ಕಾಲುಚೀಲದಲ್ಲಿ ಹಾಕಿ ಮಕ್ಕಳ ಪಾದದ ಹತ್ತಿರ ಇಟ್ಟೆವು. ಹಗಲು ಓಡಾಡಿ ಬೆವೆತ ಬಟ್ಟೆಯನ್ನು ಮಲಗುವ ಮುನ್ನ ಪೂರ್ತಿ ಬದಲಿಸುವುದು ಅಷ್ಟೇ ಮುಖ್ಯ.

ಚಳಿಗಾಲಕ್ಕೆ ಹಾವು, ಜಿಗಣೆಗಳ ಕಾಟ ಕಡಿಮೆ. ನಾನು ಹೆಚ್ಚು ಎಚ್ಚರ ವಹಿಸಿದ್ದು ಉಣ್ಣಿಗಳ ಬಗ್ಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ, ಉಣ್ಣಿಯ ಕಡಿತದಿಂದ ಹರಡುವ ಮಂಗನ ಕಾಯಿಲೆ ಈಗ ಕಣಕುಂಬಿಗೆ ಸಮೀಪದ ಗೋವೆಯ ಸತ್ತರಿ ತಾಲ್ಲೂಕಿನವರೆಗೂ ಹಬ್ಬಿದೆ, ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಡಿಸೆಂಬರಿನಿಂದ ಬೇಸಿಗೆಯವರೆಗೆ. ಒಣಗಿದ ಎಲೆಗಳ ಮೇಲೆ ಕೂರದಂತೆ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸುವಂತೆ ಮಕ್ಕಳಿಗೆ ತಾಕೀತು ಮಾಡಿ, ಸಂಜೆ ಬೆಳಕಿರುವಾಗಲೇ ಕಿವಿಯ ಹಿಂದೆ, ಕಂಕುಳು, ಸೊಂಟಗಳನ್ನು ಪರೀಕ್ಷಿಸಿದೆವು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕೆಂದು ರೈತರೂ ಹೇಳಿದ್ದರು. ಆ ಕಾಡಿನಲ್ಲಿ ಕರಡಿಗಳೂ ಇರುವುದರಿಂದ ತಿನಿಸಿನ ಡಬ್ಬಿಗಳನ್ನು ಕಾರಿನಲ್ಲಿಟ್ಟು ಬೀಗ ಹಾಕಿದೆ.

ಅಡುಗೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ನಮ್ಮವರಿಗೆ ಕೆಡದ ಊಟ ಹೊಸದಲ್ಲ: ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮಾದಲಿ. ಅಲ್ಲಿ ಮಾಡಿದ್ದು ಝುಣಕ ಮತ್ತು ಅನ್ನ–ಸಾರು ಮಾತ್ರ.

ಮೊದಲ ಸಲ ನಾನು ಮರೆತ ಇನ್ನೊಂದು ಸಂಗತಿ ರಾತ್ರಿಯ ಉದ್ದ. ಡಿಸೆಂಬರಿನ ಕೊನೆಗೆ ಸೂರ್ಯ ಸಂಜೆ ಆರರ ಆಸುಪಾಸಿಗೆ ಮುಳುಗಿ ಬೆಳಗಿನ ಏಳರ ಹೊತ್ತಿಗೆ ಏಳುತ್ತಾನೆ. ಹದಿಮೂರು ತಾಸಿನ ಕತ್ತಲೆಯಲ್ಲಿ ಮಕ್ಕಳು ಏನು ಮಾಡಬೇಕು? ಬೆಳಿಗ್ಗೆ ಹತ್ತಕ್ಕೆ ಹೊರಟು ಮೂರರೊಳಗೆ ಡೇರೆ ಮುಗಿಸಿದೆವು, ಆರೂವರೆಗೆ ಉಂಡೆವು. ತಿಂಗಳಬೆಳಕಿಲ್ಲದ ಶನಿವಾರವನ್ನೇ ಆರಿಸಿದ್ದರಿಂದ ಪೂರ್ವದಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರಾ ಒಂದರ ಹಿಂದೊಂದು ಏರಿದ್ದು ಸ್ಪಷ್ಟವಾಗಿ ಕಂಡಿತು. ಅವ್ವನಿಗೆ ಇವೆಲ್ಲ ಮಳೆಯ ಹೆಸರುಗಳು. ಸೂರ್ಯ ಆ ನಕ್ಷತ್ರದಲ್ಲಿದ್ದಾಗ ಬೀಳುವ ಮಳೆಗೆ ಅದರ ಹೆಸರು, ಆಗ ನಕ್ಷತ್ರ ಸೂರ್ಯನ ಪ್ರಭೆಯಲ್ಲಿ ಕಾಣುವುದಿಲ್ಲ. ಹೀಗಾಗಿ ಎಪ್ಪತ್ತು ವರ್ಷ ರೋಹಿಣಿ ಮಳೆಗೆ ಕಾದವಳು ಯಾವುದು ರೋಹಿಣಿ ಎಂದು ಮೊಮ್ಮಗಳಿಂದ ಕೇಳಿ ತಿಳಿದದ್ದು ಆ ರಾತ್ರಿ.

ಭಾನುವಾರ ಎದ್ದಾಗ ಹೊರಬಟ್ಟೆ ಇಬ್ಬನಿಗೆ ತೊಯ್ದಿತ್ತು, ಒಳಗೆ ತೇವವಿರಲಿಲ್ಲ. ಬಿಸಿಲು ಬಿದ್ದು ಡೇರೆ ಆರುವವರೆಗೆ ಸೂಸಲ ತಿಂದು, ಚಹಾ ಕುಡಿದು, ಕಸವನ್ನೆಲ್ಲ ಚೀಲಕ್ಕೆ ತುಂಬಿ, ಹುಲ್ಲನ್ನು ರೈತರ ದನಗಳಿಗೆ ಮರಳಿ ಕೊಟ್ಟೆವು. ಹಿಂದಿನ ವರ್ಷ ಹಸಿಯಾಗಿಯೇ ಸುತ್ತಿಟ್ಟ ಡೇರೆಗೆ ವಾರದೊಳಗೆ ಬೂಷ್ಟು ಹಿಡಿದಿತ್ತು. ಈ ಸಲ ಮನೆಗೆ ಬಂದ ಮೇಲೂ ಅದನ್ನು ಎರಡು ದಿನ ಮಾಳಿಗೆಯ ಮೇಲೆ ಕೌದಿಗಳ ಪಕ್ಕದಲ್ಲಿ ಒಣಹಾಕಿದೆ.