ಲಾಭ ಬಂದ ಮೇಲೆ ನಾನು ಮಾಡುವ ಲೆಕ್ಕ

ನಷ್ಟವಾದ ದಿನ ಎಲ್ಲರೂ ತಮ್ಮ ಟ್ರೇಡ್‌ಗಳನ್ನು ಕೆದಕಿ ನೋಡುತ್ತಾರೆ. ನಾನು ಲಾಭವಾದಾಗ ಜಾಸ್ತಿ ಕೆದಕುತ್ತೇನೆ. ಹಲವು ವರ್ಷಗಳಿಂದ ಆಪ್ಷನ್ ಮಾರುವುದೇ ನನ್ನ ಮುಖ್ಯ ಕೆಲಸ. ಆಪ್ಷನ್ ಅಂದರೆ ಷೇರನ್ನೋ ಸೂಚ್ಯಂಕವನ್ನೋ ಗೊತ್ತಾದ ದಿನಕ್ಕೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು. ಅದನ್ನು ಮಾರುವವರಿಗೆ ಪ್ರೀಮಿಯಂ ಎಂಬ ಹಣ ಮೊದಲೇ ಸಿಗುತ್ತದೆ, ಬೆಲೆ ಎದುರು ದಿಕ್ಕಿಗೆ ಜೋರಾಗಿ ಹೋದರೆ ನಷ್ಟ ಅವರದು. ಇದರಲ್ಲಿ ಲಾಭ ಪದೇ ಪದೇ ಬರುತ್ತದೆ, ಹೆಚ್ಚು ಸದ್ದಿಲ್ಲದೆ ಬರುತ್ತದೆ. ಹಾಗಾಗಿಯೇ ಅದು ನನ್ನ ಕೌಶಲದಿಂದ ಬಂತೋ, ಅದೃಷ್ಟದಿಂದ ಬಂತೋ, ಇನ್ನೂ ಬೀಳದ ಒಂದು ದೊಡ್ಡ ಹೊಡೆತದ ಮುಂಗಡವೋ ಎಂದು ಹೇಳುವುದು ಕಷ್ಟ.

ಒಂದು ಲೆಕ್ಕ ನೋಡಿ. ಒಬ್ಬರು ಪ್ರತಿ ತಿಂಗಳು ದೂರದ ಸ್ಟ್ರೈಕ್‌ನ, ಅಂದರೆ ಗೊತ್ತಾದ ಬೆಲೆ ಈಗಿನ ಬೆಲೆಯಿಂದ ಬಹಳ ದೂರವಿರುವ, ಆಪ್ಷನ್ ಮಾರುತ್ತಾರೆ. 100 ಸಲದಲ್ಲಿ 97 ಸಲ ಅದು ಬೆಲೆ ಕಳೆದುಕೊಂಡು ಎಕ್ಸ್‌ಪೈರ್ ಆಗುತ್ತದೆ, ಕೈಗೆ 2 ಬರುತ್ತದೆ. ಉಳಿದ 3 ಸಲ ಕೈಯಿಂದ 100 ಹೋಗುತ್ತದೆ. 97 ಸಲದ ಗಳಿಕೆ 194, 3 ಸಲದ ನಷ್ಟ 300. ಖಂಡಿತ ನಷ್ಟದ ವ್ಯವಹಾರ, ಅಲ್ವಾ? ಆದರೆ ಇದನ್ನೇ 36 ತಿಂಗಳು ಮಾಡಿದವರಲ್ಲಿ ಒಂದೂ ಹೊಡೆತ ತಿನ್ನದವರು ಎಷ್ಟು ಮಂದಿ ಇರುತ್ತಾರೆ? ಒಂದು ತಿಂಗಳಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಅಂತಿಟ್ಟುಕೊಂಡು 0.97 ಅನ್ನು 36 ಸಲ ಗುಣಿಸಿ. ಉತ್ತರ ಸುಮಾರು 0.33. ಮೂವರಲ್ಲಿ ಒಬ್ಬರು!

ಆ ಒಬ್ಬರ ಸ್ಟೇಟ್‌ಮೆಂಟ್ ತೆರೆದರೆ ಮೂರು ವರ್ಷದಲ್ಲಿ ಒಂದು ತಿಂಗಳೂ ಕೆಂಪಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಅಂಕಿಗಳೆಲ್ಲ ನಿಜ. ಜನ ಅವರ ಮಾತು ಕೇಳುತ್ತಾರೆ, ತಮ್ಮ ಹಣವನ್ನೂ ಕೊಡುತ್ತಾರೆ. ಉಳಿದ ಇಬ್ಬರು ಹೊಡೆತ ತಿಂದು ಮಾರುಕಟ್ಟೆಯಿಂದಲೇ ಆಚೆ ಹೋಗಿರುತ್ತಾರೆ, ಅವರ ಸ್ಟೇಟ್‌ಮೆಂಟ್ ಯಾರೂ ಕೇಳುವುದಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದದ್ದನ್ನು ಕಾಗೆಯ ಬಲ ಅಂದುಕೊಂಡುಬಿಡುತ್ತೇವೆ.

ನನ್ನ ದಾಖಲೆಗೂ ಇದೇ ಅಳತೆ ಹಾಕುತ್ತೇನೆ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಅಂತ ಒಂದಿದೆ. 60 ತಿಂಗಳು ಹೊಡೆತ ಬಿದ್ದಿಲ್ಲ ಅಂದರೆ 3 ಅನ್ನು 60 ರಿಂದ ಭಾಗಿಸಬೇಕು. ಶೇ. 5 ಬರುತ್ತದೆ. ಅಂದರೆ ಪ್ರತಿ ತಿಂಗಳೂ ಹೊಡೆತ ಬೀಳುವ ಸಾಧ್ಯತೆ ಶೇ. 5 ರಷ್ಟು ಇದ್ದಿರಬಹುದು, ಐದು ವರ್ಷದ ನೆಮ್ಮದಿಗೆ ಅದನ್ನು ತಳ್ಳಿಹಾಕುವ ಶಕ್ತಿ ಇಲ್ಲ. ಆಪ್ಷನ್ ಮಾರುವವರಿಗೆ ಇದಕ್ಕಿಂತ ಉಪಯೋಗದ ಗಣಿತ ನನಗೆ ಸಿಕ್ಕಿಲ್ಲ.

ಷೇರು ಕೊಂಡು ಮಾರುವವರ ಕಥೆ ಸ್ವಲ್ಪ ಬೇರೆ. ಅಲ್ಲಿ ಹೊಡೆತಕ್ಕಿಂತ ಏರಿಳಿತದ ಗದ್ದಲ ಜಾಸ್ತಿ. ಒಂದು ವಿಧಾನ ವರ್ಷಕ್ಕೆ ಸರಾಸರಿ ಶೇ. 10 ಕೊಡುತ್ತದೆ, ಏರಿಳಿತ ಶೇ. 20 ರಷ್ಟಿದೆ ಅಂತಿಟ್ಟುಕೊಳ್ಳಿ. ಆ ಶೇ. 10 ಬರೀ ಅದೃಷ್ಟವಲ್ಲ ಎಂದು ಸಂಖ್ಯಾಶಾಸ್ತ್ರದ ಸಾಮಾನ್ಯ ಅಳತೆಯಲ್ಲಿ ಹೇಳಲು ಸುಮಾರು 16 ವರ್ಷದ ದಾಖಲೆ ಬೇಕು. ಅಷ್ಟು ವರ್ಷ ಕಾಯಲು ಯಾರಿಗೂ ಆಗುವುದಿಲ್ಲ. ಅದಕ್ಕೆ ನಾನು ಫಲಿತಾಂಶವನ್ನು ಬದಿಗಿಟ್ಟು ಕಾರಣವನ್ನು ನೋಡುವ ಅಭ್ಯಾಸ ಮಾಡಿಕೊಂಡೆ.

ಪ್ರತಿ ಟ್ರೇಡ್‌ಗೆ ಮೊದಲು ಎರಡು ಸಾಲು ಬರೆಯುತ್ತೇನೆ: ಬೆಲೆ ಯಾವ ಕಾರಣಕ್ಕೆ ಎತ್ತ ಹೋಗಬಹುದು, ನನ್ನ ಊಹೆ ತಪ್ಪು ಎಂದು ಯಾವಾಗ ಗೊತ್ತಾಗುತ್ತದೆ. ಮುಗಿದ ಮೇಲೆ ಪಕ್ಕದಲ್ಲಿ ಒಂದು ಗುರುತು ಹಾಕುತ್ತೇನೆ. ಅಂದುಕೊಂಡ ಕಾರಣಕ್ಕೇ ಆಯಿತೋ, ಬೇರೆ ಕಾರಣಕ್ಕೋ, ಕಾರಣವೇ ಗೊತ್ತಾಗಲಿಲ್ಲವೋ. ಒಮ್ಮೆ ಒಂದು ಕಂಪನಿಯ ಫಲಿತಾಂಶ ಚೆನ್ನಾಗಿ ಬರುತ್ತದೆ ಎಂದು ಷೇರು ಕೊಂಡಿದ್ದೆ. ಫಲಿತಾಂಶ ಕಳಪೆ ಬಂತು. ಆದರೆ ಅದೇ ವಾರ ಇನ್ನೊಂದು ಕಂಪನಿ ಅದನ್ನು ಕೊಳ್ಳಲು ಮುಂದೆ ಬಂತು, ಬೆಲೆ ಜಿಗಿಯಿತು. ದುಡ್ಡು ಖಾತೆಗೆ ಸೇರಿತು, ನನ್ನ ವಿಧಾನದ ಲೆಕ್ಕಕ್ಕೆ ಸೇರಲಿಲ್ಲ. ವರ್ಷದ ಕೊನೆಗೆ ಇಂಥ ಲಾಭವನ್ನೆಲ್ಲ ತೆಗೆದುಹಾಕುತ್ತೇನೆ. ಇಡೀ ಮಾರುಕಟ್ಟೆ ಏರಿದ್ದರಿಂದ ಬಂದದ್ದನ್ನೂ ಕಳೆಯುತ್ತೇನೆ. ಉಳಿಯುವ ಮೊತ್ತ ಚಿಕ್ಕದು, ಆದರೆ ಮುಂದಿನ ವರ್ಷ ಎಷ್ಟು ಹಣ ಹಾಕಬೇಕು ಎಂದು ಆ ಚಿಕ್ಕ ಮೊತ್ತ ನೋಡಿಯೇ ತೀರ್ಮಾನಿಸುತ್ತೇನೆ.

ಅದೃಷ್ಟವನ್ನು ಹೀಗೆ ಒಂದು ಮಟ್ಟಿಗೆ ಬೇರ್ಪಡಿಸಬಹುದು. ಕಣ್ಣಿಗೆ ಕಾಣದ ರಿಸ್ಕ್ ಇನ್ನೂ ಕಷ್ಟದ ವಿಷಯ, ಏಕೆಂದರೆ ಸ್ಟೇಟ್‌ಮೆಂಟ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ. ಇದಕ್ಕೆ ನಾನು ಹಳೆಯ ಘಟನೆಗಳನ್ನು ಓದಿದೆ, ಬೆಲೆ ಎಷ್ಟು ಬಿತ್ತು ಎನ್ನುವುದಕ್ಕಿಂತ ಹೇಗೆ ಬಿತ್ತು ಎಂದು.

2018 ರ ಫೆಬ್ರವರಿ 5 ನನ್ನ ಕೆಲಸಕ್ಕೆ ತೀರಾ ಹತ್ತಿರದ್ದು. ವಿಕ್ಸ್ ಎಂಬ ಏರಿಳಿತದ ಸೂಚ್ಯಂಕ ಇಳಿದರೆ ಲಾಭ ಕೊಡುವ ಎಕ್ಸ್‌ಐವಿ ಎಂಬ ಉತ್ಪನ್ನ ಅಮೆರಿಕದಲ್ಲಿ ಇತ್ತು. 2017 ರಲ್ಲಿ ಅದರ ಬೆಲೆ ಎರಡು ಪಟ್ಟಿಗೂ ಮೇಲೆ ಹೋಯಿತು. ಆ ಒಂದು ಸೋಮವಾರ ವಿಕ್ಸ್ 17.31 ರಿಂದ 37.32 ಕ್ಕೆ ಏರಿತು, ಎಕ್ಸ್‌ಐವಿ ಶೇ. 90 ಕ್ಕಿಂತ ಹೆಚ್ಚು ಕರಗಿತು. ಈ ಬಗೆಯ ಉತ್ಪನ್ನಗಳಲ್ಲಿ ವಿಕ್ಸ್ ಏರಿದ ದಿನ ಸಂಜೆ ಲೆಕ್ಕ ಸರಿದೂಗಿಸಲು ವಿಕ್ಸ್ ಫ್ಯೂಚರ್ಸ್, ಅಂದರೆ ವಿಕ್ಸ್ ಮುಂದೆ ಎಷ್ಟಿರುತ್ತದೆ ಎಂಬುದರ ಮೇಲಿನ ಒಪ್ಪಂದಗಳನ್ನು, ಕೊಳ್ಳಲೇಬೇಕು. ಎಲ್ಲರೂ ಒಟ್ಟಿಗೆ ಕೊಂಡರೆ ಆ ಕೊಳ್ಳುವಿಕೆಯೇ ಬೆಲೆಯನ್ನು ಇನ್ನಷ್ಟು ಮೇಲೆ ನೂಕುತ್ತದೆ. ಅಪಾಯ ಹೊರಗಿನಿಂದ ಬರಬೇಕಾಗಿರಲಿಲ್ಲ, ಉತ್ಪನ್ನದ ಒಳಗೇ ಇತ್ತು. ಒಂದು ದಿನದಲ್ಲಿ ಶೇ. 80 ಕುಸಿದರೆ ಅದನ್ನು ಮುಚ್ಚಬಹುದು ಎಂದು ಪ್ರಾಸ್ಪೆಕ್ಟಸ್‌ನಲ್ಲೇ ಬರೆದಿತ್ತು. ಅದನ್ನು ಓದಿದ ಮೇಲೆ ಯಾವ ಉತ್ಪನ್ನಕ್ಕೂ ಅದರ ಕಾಗದಪತ್ರ ಪೂರ್ತಿ ಓದದೆ ಕೈ ಹಾಕುವುದಿಲ್ಲ.

ಸ್ವಿಸ್ ಫ್ರಾಂಕ್‌ನ ಘಟನೆ ಸ್ಟಾಪ್‌ಲಾಸ್ ಬಗ್ಗೆ, ಅಂದರೆ ಬೆಲೆ ಇಷ್ಟಕ್ಕೆ ಬಂದರೆ ತಾನಾಗಿ ಹೊರಬರಲು ಮೊದಲೇ ಕೊಟ್ಟಿಡುವ ಆದೇಶದ ಬಗ್ಗೆ, ನನ್ನ ನಂಬಿಕೆಯನ್ನೇ ಬದಲಿಸಿತು. ಒಂದು ಯೂರೋ 1.20 ಫ್ರಾಂಕ್‌ಗಿಂತ ಕೆಳಗಿಳಿಯಲು ಬಿಡುವುದಿಲ್ಲ ಎಂದು ಸ್ವಿಸ್ ಕೇಂದ್ರ ಬ್ಯಾಂಕ್ 2011 ರಲ್ಲಿ ಘೋಷಿಸಿತ್ತು. ಬೆಲೆ ತಿಂಗಳುಗಟ್ಟಲೆ ಆ ಗೆರೆಯ ಮೇಲೆ ಅಲುಗದೆ ಕೂತಿತ್ತು. ಏರಿಳಿತ ನೋಡಿ ರಿಸ್ಕ್ ಅಳೆಯುವವರಿಗೆ ಅದು ತುಂಬಾ ಸುರಕ್ಷಿತವಾಗಿ ಕಂಡಿತು. 2015 ರ ಜನವರಿ 15 ರಂದು ಬ್ಯಾಂಕ್ ಆ ಗೆರೆಯನ್ನು ದಿಢೀರನೆ ತೆಗೆದುಹಾಕಿತು, ನಿಮಿಷಗಳಲ್ಲಿ ಬೆಲೆ 1 ಕ್ಕಿಂತ ಎಷ್ಟೋ ಕೆಳಗೆ ಹೋಯಿತು. 1.20 ರ ಕೆಳಗೇ ಸ್ಟಾಪ್‌ಲಾಸ್ ಇಟ್ಟವರಿಗೆ ಆ ಬೆಲೆಯಲ್ಲಿ ಕೊಳ್ಳುವವರೇ ಸಿಗಲಿಲ್ಲ. ಕಟ್ಟಿದ ಹಣಕ್ಕಿಂತ ಜಾಸ್ತಿ ಕಳೆದುಕೊಂಡವರೂ ಇದ್ದರು.

ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ಹೂಡಿಕೆ ನಿಧಿಯ ಕಥೆ ಬಹಳ ಜನಕ್ಕೆ ಗೊತ್ತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಇಬ್ಬರು ಅದರಲ್ಲಿದ್ದರು. 1998 ರ ಆಗಸ್ಟ್‌ನಲ್ಲಿ ರಷ್ಯಾ ಸಾಲ ತೀರಿಸದೆ ಕೈಚೆಲ್ಲಿದಾಗ, ಬೇರೆ ಬೇರೆ ದೇಶಗಳಲ್ಲಿ ಹರಡಿದ್ದ ಅವರ ಪೊಸಿಷನ್‌ಗಳೆಲ್ಲ (ಇನ್ನೂ ಮುಗಿಸದೆ ಇಟ್ಟುಕೊಂಡ ಟ್ರೇಡ್‌ಗಳು) ಒಟ್ಟಿಗೆ ಅವರ ವಿರುದ್ಧ ತಿರುಗಿದವು. ಇದರಿಂದ ನಾನು ತೆಗೆದುಕೊಂಡದ್ದು ಒಂದೇ. ನನ್ನ ಪೊಸಿಷನ್‌ಗಳನ್ನು ಈಗ ಹೆಸರಿನ ಪ್ರಕಾರ ಗುಂಪು ಮಾಡುವುದಿಲ್ಲ. ಯಾವ ಒಂದು ಘಟನೆ ನಡೆದರೆ ಇದು ಮುಳುಗುತ್ತದೆ ಎಂದು ಕೇಳಿ, ಆ ಘಟನೆಯ ಹೆಸರಿನಲ್ಲಿ ಗುಂಪು ಮಾಡುತ್ತೇನೆ. ಬೇರೆ ಬೇರೆ ಅನಿಸಿದ್ದ ಎಷ್ಟೋ ಪೊಸಿಷನ್‌ಗಳು ಒಂದೇ ಹೆಸರಿನ ಕೆಳಗೆ ಬಂದು ಬೀಳುತ್ತವೆ.

ಇನ್ನು ಗಾತ್ರದ ವಿಷಯ. ಬ್ರೋಕರ್ ಕೇಳುವ ಮಾರ್ಜಿನ್, ಅಂದರೆ ಭದ್ರತೆಯ ಹಣ, ನೋಡಿ ಎಷ್ಟು ಲಾಟ್ (ಆಪ್ಷನ್ ಮಾರುವ ನಿಗದಿತ ಕಟ್ಟು) ಮಾರಬಹುದು ಎಂದು ತೀರ್ಮಾನಿಸುವವರೇ ಜಾಸ್ತಿ. ಮಾರ್ಜಿನ್ ಇರುವುದು ಬ್ರೋಕರ್ ಮತ್ತು ಎಕ್ಸ್‌ಚೇಂಜ್ ಸುರಕ್ಷಿತವಾಗಿರಲಿ ಎಂದು. ನನ್ನ ಅಳತೆ ಬೇರೆ. 1987 ರ ಅಕ್ಟೋಬರ್ 19 ರಂದು ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ಒಂದೇ ದಿನ ಶೇ. 22.6 ಬಿತ್ತು. ನಾಳೆ ಬೆಳಿಗ್ಗೆ ಮಾರುಕಟ್ಟೆ ಅಷ್ಟೇ ಕೆಳಗೆ ತೆರೆದುಕೊಂಡರೆ, ನಡುವೆ ಎಲ್ಲೂ ಹೊರಬರಲು ಆಗದಿದ್ದರೆ, ನನ್ನ ಖಾತೆಯಲ್ಲಿ ಎಷ್ಟು ಉಳಿಯುತ್ತದೆ? ವಾರದ ಕೊನೆಯ ದಿನ ಈ ಲೆಕ್ಕ ಮಾಡದೆ ಪೊಸಿಷನ್ ಇಟ್ಟುಕೊಂಡು ಹೋಗುವುದಿಲ್ಲ. ಅಂಥ ದಿನದ ನಷ್ಟ ಬಂಡವಾಳದ ಐದರಲ್ಲಿ ಒಂದು ಭಾಗ ದಾಟುವಂತಿದ್ದರೆ ಲಾಟ್ ಕಡಿಮೆ ಮಾಡುತ್ತೇನೆ. ಶೇ. 20 ಹೋದರೆ ಮತ್ತೆ ಶೇ. 25 ಗಳಿಸಿ ಮೊದಲಿನ ಜಾಗಕ್ಕೆ ಬರಬಹುದು. ಶೇ. 80 ಹೋದರೆ ಉಳಿದದ್ದನ್ನು ಐದು ಪಟ್ಟು ಮಾಡಬೇಕು.

ಮಾರಿದ ಪ್ರತಿ ಆಪ್ಷನ್‌ನ ಆಚೆಗೆ ಇನ್ನೂ ದೂರದ ಒಂದು ಆಪ್ಷನ್ ಕೊಂಡಿಡುತ್ತೇನೆ. ಅದರಿಂದ ನಷ್ಟಕ್ಕೆ ಒಂದು ತಳ ಸಿಗುತ್ತದೆ. ಇದು ಪುಕ್ಕಟೆ ಅಲ್ಲ, ಬಂದ ಪ್ರೀಮಿಯಂನಲ್ಲಿ ಒಳ್ಳೆಯ ಪಾಲನ್ನೇ ತಿಂದುಹಾಕುತ್ತದೆ. ಹೆಚ್ಚಿನ ತಿಂಗಳು ಅದು ಸುಮ್ನೆ ಸತ್ತು ಹೋಗುತ್ತದೆ. ಮಾರುಕಟ್ಟೆ ತಣ್ಣಗಿರುವಾಗ ಈ ದೂರದ ಆಪ್ಷನ್‌ಗಳು ಅಗ್ಗವಾಗುತ್ತವೆ, ಆಗ ಬೇಕಾದದ್ದಕ್ಕಿಂತ ಒಂದೆರಡು ಜಾಸ್ತಿಯೇ ಕೊಳ್ಳುತ್ತೇನೆ. ಗಲಾಟೆ ಶುರುವಾದ ಮೇಲೆ ಕೊಳ್ಳಲು ಹೋದರೆ ಬೆಲೆ ಎಷ್ಟೋ ಪಟ್ಟು ಏರಿರುತ್ತದೆ, ಮಾರುವವರೂ ಸುಲಭಕ್ಕೆ ಸಿಗುವುದಿಲ್ಲ.